ಹೊಸ ಮಾದರಿಯ ನೀಟ್‌ಗೆ ಭಾನುವಾರದ ಟೆಸ್ಟ್: ವಿಜಯಪುರದ ಒಬ್ಬ ತಾಯಿಯ ಅನುಭವ

ಇದು 2025ರ ಮಾತು. ಮಗಳು ಈ ಸಲ ಎರಡನೇ ಬಾರಿ ನೀಟ್ (ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆ) ಬರೆಯುತ್ತಿದ್ದಾಳೆ. ಪರೀಕ್ಷೆಯ ಮಾದರಿ ಬದಲಾಗಿದೆ ಅಂತ ಜನವರಿಯಲ್ಲಿ ಗೊತ್ತಾದಾಗ ಮನೆಯವರಿಗೆಲ್ಲ ಗಾಬರಿ. ಅಷ್ಟೊತ್ತಿಗೆ ಬೇರೆ ಕಡೆ ದುಡ್ಡು ಕೊಟ್ಟು ಪ್ರಶ್ನೆಪತ್ರಿಕೆಗಳ ದೊಡ್ಡ ಕಟ್ಟು ತಂದಿದ್ದೆವು. ಎಲ್ಲವೂ ಹಳೇ ಮಾದರಿ. ಬದಲಿಸಿ ಕೊಡಿ ಅಂದರೆ "ಪ್ರಶ್ನೆ ಅವೇ ಇರ್ತಾವ್ರಿ" ಅಂದುಬಿಟ್ಟರು.

2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಕೇಳುತ್ತಿದ್ದರು. 2022ರಿಂದ ಸಮಯ 200 ನಿಮಿಷ. ಫಿಸಿಕ್ಸ್‌ನಲ್ಲಿ ತಲೆ ತಿನ್ನುವ ಐದು ಲೆಕ್ಕ ಬಿಟ್ಟರೂ ನಡೆಯುತ್ತಿತ್ತು. ಈಗ 180 ಪ್ರಶ್ನೆ, 180 ನಿಮಿಷ, ಆಯ್ಕೆಯೇ ಇಲ್ಲ. ಒಟ್ಟು 720 ಅಂಕ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ ಮಾತ್ರ ಮೊದಲಿನ ಹಾಗೇ ಇದೆ. ನಮ್ಮವಳು ಹೋದ ವರ್ಷ ಕೊನೆಯ ಇಪ್ಪತ್ತು ನಿಮಿಷದಲ್ಲಿ ಓಎಂಆರ್ (ಗೋಲಗಳನ್ನು ತುಂಬುವ ಉತ್ತರದ ಹಾಳೆ) ತುಂಬಿದ್ದಳು. ಈಗ ಕಡಿಮೆಯಾಗಿದ್ದೂ ಆ ಇಪ್ಪತ್ತು ನಿಮಿಷವೇ.

ಫೆಬ್ರವರಿಯಲ್ಲಿ ಸ್ಟೇಶನ್ ರೋಡ್ ಕಡೆ, ಭಾನುವಾರ ಹೊಸ ಮಾದರಿಯ ಟೆಸ್ಟ್ ನಡೆಸುವ ಕೇಂದ್ರಕ್ಕೆ ಸೇರಿಸಿದೆವು. 12 ಭಾನುವಾರಕ್ಕೆ 1,500 ರೂಪಾಯಿ. ಟೆಸ್ಟ್ ಮಧ್ಯಾಹ್ನ 2ರಿಂದ 5, ಅಸಲಿ ಪರೀಕ್ಷೆಯ ಹೊತ್ತಿಗೇ. ನಮ್ಮೂರಿನ ಬಿಸಿಲು ಗೊತ್ತಲ್ವಾ? ಮೊದಲ ವಾರ ಬಂದವಳೇ "ಅವ್ವಾ, ಮೂರು ಗಂಟೇಕ್ಕ ಕಣ್ಣ ಮುಚ್ಚಲಿಕತ್ತಿದ್ವು" ಅಂದಳು. ಅವತ್ತಿನಿಂದ ಭಾನುವಾರ ಹನ್ನೊಂದೂವರೆಗೇ ಊಟ. ಒಂದೇ ರೊಟ್ಟಿ, ಜಾಸ್ತಿ ಮಜ್ಜಿಗೆ.

ಒಂದೊಂದು ಪುಟ ಮುಗಿದ ಕೂಡಲೇ ಆ ಪುಟದ ಗೋಲಗಳನ್ನು ತುಂಬುವ ರೂಢಿ ಮಾಡಿಸಿದ್ದಾರೆ. ಇನ್ನೊಂದು ಪದ್ಧತಿಯಂತೂ ನನಗೆ ತುಂಬಾ ಹಿಡಿಸಿತು. ಅಂದಾಜಿನ ಮೇಲೆ ಬರೆದ ಉತ್ತರದ ಪಕ್ಕ ಪ್ರಶ್ನೆಪತ್ರಿಕೆಯಲ್ಲಿ ಒಂದು ಚುಕ್ಕೆ ಇಡಬೇಕು. ಮೂರನೇ ಟೆಸ್ಟ್‌ನಲ್ಲಿ ಮಗಳು 50 ಚುಕ್ಕೆ ಇಟ್ಟಿದ್ದಳು. ಸರಿಯಾಗಿದ್ದು 9, ತಪ್ಪಾಗಿದ್ದು 41. ಬಂದಿದ್ದು 36 ಅಂಕ, ಹೋಗಿದ್ದು 41. ಸರ್ ಅದನ್ನು ಅವಳ ಕೈಯಲ್ಲೇ ಲೆಕ್ಕ ಹಾಕಿಸಿ, "ನೋಡವಾ, ಸುಮ್ನ ಬಿಟ್ಟಿದ್ರ ಐದು ಅಂಕ ಉಳೀತಿದ್ವು" ಅಂದರಂತೆ. ಸಿಇಟಿಯಲ್ಲಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ತಪ್ಪಿಗೆ ಅಂಕ ಕಳೆಯುವುದಿಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಎರಡನ್ನೂ ಬರೆಯುವ ಮಕ್ಕಳಿಗೆ ಈ ವ್ಯತ್ಯಾಸ ಕೈಗೇ ಹತ್ತಬೇಕು. ಹೋದ ವಾರ ಅವಳ ಪತ್ರಿಕೆಯಲ್ಲಿ ಚುಕ್ಕೆ 14 ಮಾತ್ರ. ನೋಡಿ ನನಗೆ ಕಣ್ಣು ತುಂಬಿತು.

ಒಂದು ಕೊರತೆ ಹೇಳಲೇಬೇಕು. ಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಇಂಡಿ, ಸಿಂದಗಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಕನ್ನಡ ಪತ್ರಿಕೆ ಬೇಕೇ ಬೇಕು. ಎರಡು ಸಲ ಕೇಳಿದ್ದೇನೆ, ಮತ್ತೆ ಕೇಳುತ್ತೇನೆ. ಉತ್ತರಗಳ ವಿವರಣೆಯೂ ಬುಧವಾರದ ತನಕ ಕೈಗೆ ಬರುವುದಿಲ್ಲ.

ಮೇ 4ರ ನೀಟ್‌ಗೆ ಮೊದಲು ಇನ್ನೂ ಎರಡು ಟೆಸ್ಟ್ ಇವೆ. ಮಕ್ಕಳನ್ನು ಕಳಿಸುವವರು ಎರಡು ಬಾಟಲಿ ನೀರು ಕೊಟ್ಟು ಕಳಿಸಿ. ಅಲ್ಲಿಯ ನೀರು ನಾಲ್ಕು ಗಂಟೆಗೆಲ್ಲ ಖಾಲಿಯಾಗುತ್ತದೆ.