680, 760, 800: ಒಂದೇ ಸೈಕಲ್ಲಿಗೆ ಮೂರು ಅಗಲದ ಹ್ಯಾಂಡಲ್‌ಬಾರ್

ನನ್ನ ಮೌಂಟನ್ ಬೈಕಿನ ಜೊತೆಗೇ ಬಂದಿದ್ದ 680 ಮಿ.ಮೀ. ಅಗಲದ ಹ್ಯಾಂಡಲ್‌ಬಾರ್ ತೆಗೆದು, ಅದರ ಜಾಗದಲ್ಲಿ 760 ಮತ್ತು 800 ಮಿ.ಮೀ. ಬಾರ್‌ಗಳನ್ನು ಒಂದಾದ ಮೇಲೊಂದರಂತೆ ಹಾಕಿ, ಅವೇ ದಾರಿಗಳಲ್ಲಿ ಓಡಿಸಿ ನೋಡಿದ್ದೇನೆ. ಮೂರೂ ಅಲ್ಯೂಮಿನಿಯಮ್ಮಿನವು, ಸ್ಟೆಮ್ (ಬಾರನ್ನು ಸೈಕಲ್ಲಿನ ಮುಂಭಾಗಕ್ಕೆ ಜೋಡಿಸುವ ಗಿಡ್ಡ ತುಂಡು) ಕಚ್ಚುವ ಜಾಗದಲ್ಲಿ ಮೂರರ ವ್ಯಾಸವೂ 31.8 ಮಿ.ಮೀ. ಟೈರಿನ ಗಾಳಿಯನ್ನಾಗಲಿ ಮುಂದಿನ ಸಸ್ಪೆನ್ಷನ್ನಿನ ಹೊಂದಾಣಿಕೆಯನ್ನಾಗಲಿ ಈ ನಡುವೆ ಬದಲಿಸಲಿಲ್ಲ.

680ರದು ಕೆಟ್ಟ ಬಾರ್ ಎಂದು ಹೇಳಲಾರೆ. ನುಣುಪಾದ ಏರುದಾರಿಯಲ್ಲಿ ಮೊಣಕೈ ಪಕ್ಕೆಗೆ ಹತ್ತಿರವಿದ್ದು ತುಳಿಯುವುದು ಹಿತವಾಗಿರುತ್ತದೆ, ಒತ್ತಾಗಿ ಬೆಳೆದ ಮರಗಳ ನಡುವೆ ಬೆರಳು ಜಜ್ಜಿಕೊಳ್ಳುವ ಭಯವಿಲ್ಲದೆ ನುಗ್ಗಬಹುದು. ಇದರ ಕೊರತೆ ಕಾಣುವುದು ಸಡಿಲ ಕಲ್ಲಿನ ಇಳಿಜಾರಿನಲ್ಲಿ. ಮುಷ್ಟಿಗಾತ್ರದ ಕಲ್ಲೊಂದಕ್ಕೆ ಮುಂದಿನ ಚಕ್ರ ಓರೆಯಾಗಿ ತಗುಲಿದರೆ ಬಾರ್ ಒಂದು ಕಡೆಗೆ ಜಗ್ಗುತ್ತದೆ. ಅದನ್ನು ತಡೆಯಲು ಗ್ರಿಪ್ಪನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಇಳಿಜಾರು ಉದ್ದವಾಗಿದ್ದರೆ ಮುಂಗೈಯ ಸ್ನಾಯುಗಳು ಕಲ್ಲಿನಂತಾಗಿ ಬ್ರೇಕ್ ಲಿವರ್ ಒತ್ತಲೂ ಬೆರಳು ತಡವರಿಸುತ್ತದೆ.

760ಕ್ಕೆ ಬದಲಾಯಿಸಿದಾಗ ಅದೇ ಇಳಿಜಾರಿನಲ್ಲಿ ಹಿಡಿತ ಸಡಿಲಿಸಿಯೂ ಚಕ್ರವನ್ನು ನೇರವಾಗಿ ಇಡಲು ಸಾಧ್ಯವಾಯಿತು. ಇದರ ಹಿಂದೆ ಸರಳ ಸನ್ನೆಯ ಲೆಕ್ಕವಿದೆ: ಬಾರಿನ ನಡುವಿನಿಂದ ತುದಿಗಿರುವ ದೂರ 340ರಿಂದ 380 ಮಿ.ಮೀ.ಗೆ ಏರಿದಾಗ, ಚಕ್ರದ ಅದೇ ಎಳೆತವನ್ನು ತಡೆಯಲು ಬೇಕಾದ ಕೈಬಲ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ; 800ರಲ್ಲಿ ಈ ಉಳಿತಾಯ ನೂರಕ್ಕೆ ಹದಿನೈದು. ಆದರೆ ಅಷ್ಟೇ ಕೋನಕ್ಕೆ ತಿರುಗಿಸಲು ಕೈ ಹೆಚ್ಚು ದೂರ ಸರಿಯಬೇಕು, ಆದ್ದರಿಂದ ಅಗಲದ ಬಾರಿನಲ್ಲಿ ಸ್ಟೀರಿಂಗ್ ನಿಧಾನವಾದಂತೆ ತೋರುತ್ತದೆ.

ಇಲ್ಲಿಯೇ ಸ್ಟೆಮ್ಮಿನ ಪ್ರಶ್ನೆ ಏಳುತ್ತದೆ, ಮತ್ತು ಬಾರ್ ಬದಲಿಸುವವರು ಸಾಮಾನ್ಯವಾಗಿ ಉಪೇಕ್ಷಿಸುವುದೂ ಇದನ್ನೇ. ಕೈಗಳು ಅಗಲಕ್ಕೆ ಸರಿದಂತೆ ಎದೆ ಮುಂದಕ್ಕೂ ಕೆಳಕ್ಕೂ ಬಾಗುತ್ತದೆ. ನನ್ನ 70 ಮಿ.ಮೀ. ಸ್ಟೆಮ್ಮಿನ ಮೇಲೆ 760ರ ಬಾರ್ ಹಾಕಿದಾಗ ಸೈಕಲ್ಲೇ ಉದ್ದವಾದಂತೆ ಅನಿಸಿ ಸೊಂಟ ಸೆಟೆದುಕೊಂಡಿತು. ಸ್ಟೆಮ್ಮನ್ನು 50 ಮಿ.ಮೀ.ಗೆ ಇಳಿಸಿದ ಮೇಲೆ ಮೈಯ ಭಂಗಿ ಮೊದಲಿನಂತಾಯಿತು, ಸ್ಟೀರಿಂಗಿನ ಚುರುಕೂ ಮರಳಿತು. ಕಾಡು-ಬೆಟ್ಟದ ಕಾಲುದಾರಿಗೆಂದಿರುವ ಈಗಿನ ಟ್ರೈಲ್ ಬೈಕುಗಳು 35ರಿಂದ 50 ಮಿ.ಮೀ. ಸ್ಟೆಮ್ ಮತ್ತು 760ರಿಂದ 800 ಮಿ.ಮೀ. ಬಾರ್‌ಗಳನ್ನು ಜೋಡಿಯಾಗಿಯೇ ಹೊತ್ತು ಬರುವುದಕ್ಕೂ, ಅವುಗಳ ಚೌಕಟ್ಟು ಮೊದಲಿಗಿಂತ ಉದ್ದವಾಗಿರುವುದಕ್ಕೂ ಸಂಬಂಧವಿದೆ. 1990ರ ದಶಕದಲ್ಲಿ 600 ಮಿ.ಮೀ.ಗಿಂತ ಕಿರಿದಾದ ಬಾರಿಗೆ 120 ಮಿ.ಮೀ.ಗಿಂತ ಉದ್ದದ ಸ್ಟೆಮ್ ಹಾಕುವುದು ಸಾಮಾನ್ಯವಾಗಿತ್ತು. ವಿಚಿತ್ರವೆಂದರೆ, ಮೌಂಟನ್ ಬೈಕಿಂಗಿನ ತವರೆನಿಸಿದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದವರು ಹಿಡಿದಿದ್ದು ಅಗಲದ ಬಾರ್‌ಗಳನ್ನೇ.

800ರ ಬಾರ್ ವೇಗದ, ನೇರ ಇಳಿಜಾರಿನಲ್ಲಿ ಮೂರರಲ್ಲೂ ಅತ್ಯುತ್ತಮ. ಅದರ ಸ್ಥಿರತೆಗೆ 760 ಸಾಟಿಯಲ್ಲ. ಆದರೂ ನನ್ನ ಮಟ್ಟಿಗೆ ಅದು ಒಗ್ಗಲಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಹೊರಗೈ ಪೂರ್ತಿ ಚಾಚಿಕೊಂಡು ಭುಜವನ್ನೂ ತನ್ನೊಂದಿಗೆ ಎಳೆಯುತ್ತಿತ್ತು, ಉದ್ದನೆಯ ಸವಾರಿಯ ಕೊನೆಗೆ ಬೆನ್ನಿನ ಮೇಲ್ಭಾಗದಲ್ಲಿ ಎರಡು ಹೆಗಲೆಲುಬುಗಳ ನಡುವೆ ನೋವು ಕೂರುತ್ತಿತ್ತು. ಮಣಿಕಟ್ಟೂ ನೋಯುತ್ತಿತ್ತು, ಆದರೆ ಆ ನೋವನ್ನು ಪೂರ್ತಿಯಾಗಿ ಅಗಲದ ತಲೆಗೆ ಕಟ್ಟುವುದು ನ್ಯಾಯವಲ್ಲ: 760ರ ಬಾರಿನ ತುದಿಗಳು ಸವಾರನ ಕಡೆಗೆ 9 ಡಿಗ್ರಿ ಬಾಗಿದ್ದರೆ ಇದರವು ಬಾಗಿದ್ದುದು 7 ಡಿಗ್ರಿ, ಮತ್ತು ಕೈಗಳು ದೂರ ಸರಿದಷ್ಟೂ ಆ ಬಾಗು ಹೆಚ್ಚು ಬೇಕೆನಿಸುತ್ತದೆ. ಭುಜ ಅಗಲವಿರುವ, ಎತ್ತರದ ಸವಾರರಿಗೆ 800 ಸಹಜವಾಗಿಯೇ ಕೂರಬಹುದು. ನೆಲದ ಮೇಲೆ ದಂಡ ಹೊಡೆಯುವಾಗ ಅಂಗೈಗಳು ತಾವಾಗಿ ಊರುವ ಅಗಲವನ್ನು ಅಳೆದುಕೊಂಡರೆ ಎಲ್ಲಿಂದ ಶುರುಮಾಡಬೇಕೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ನನ್ನ ಸೈಕಲ್ಲಿನಲ್ಲಿ ಉಳಿದುಕೊಂಡಿರುವುದು 760. ಒಂದೇ ಬಾರ್ ಕೊಳ್ಳುವವರಿಗೆ ಮಾತ್ರ, ತುದಿಗಳು 8 ಅಥವಾ 9 ಡಿಗ್ರಿ ಬಾಗಿರುವ 800ನ್ನೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಅಗಲವನ್ನು ಕತ್ತರಿಸಿ ಇಳಿಸಬಹುದು, ಕತ್ತರಿಸಿದ್ದನ್ನು ಮರಳಿ ಬೆಳೆಸಲಾಗದು. ಗರಗಸ ಎತ್ತುವ ಮೊದಲು, ಸ್ಕ್ರೂನಿಂದ ಬಿಗಿಯುವ ಗ್ರಿಪ್ಪುಗಳನ್ನೂ ಲಿವರುಗಳನ್ನೂ ಎರಡೂ ಕಡೆ 10 ಮಿ.ಮೀ.ನಷ್ಟು ಒಳಕ್ಕೆ ಸರಿಸಿ, ಮರಗಳಿಲ್ಲದ ಸುಲಭದ ದಾರಿಯಲ್ಲಿ ಕೆಲವು ಸಲ ಓಡಿಸಬೇಕು. ಅಷ್ಟಕ್ಕೆ 780ರ ಅನುಭವ ಸಿಗುತ್ತದೆ. ಕೇಬಲ್ಲುಗಳನ್ನೂ ಬ್ರೇಕಿನ ದ್ರವ ಹರಿಯುವ ಹೋಸನ್ನೂ ಪರೀಕ್ಷಿಸಲು ಬಾರನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು. ಕಿರಿದಾದ ಬಾರಿಗೆಂದು ಕತ್ತರಿಸಿದ್ದ ಹೋಸು ಈಗ ಬಿಗಿಯಾಗಿ ಎಳೆಯಬಹುದು. ಮಧ್ಯದಿಂದ ಮೇಲಕ್ಕೆ ಏರಿ ಬರುವ ಬಾರುಗಳಲ್ಲಿ ಲಿವರ್ ಕೂರಿಸಲು ಬೇಕಾದ ನೇರ ಭಾಗ ಕಡಿಮೆ, ಆದ್ದರಿಂದ ಅತಿಯಾಗಿ ಕತ್ತರಿಸಿದರೆ ಗೇರ್ ಬದಲಿಸುವ ಶಿಫ್ಟರಿಗೆ ಜಾಗವೇ ಉಳಿಯದು. ಕಾರ್ಬನ್ ಬಾರಾದರೆ ಸಣ್ಣ ಹಲ್ಲಿನ ಬ್ಲೇಡನ್ನೇ ಬಳಸಿ, ತಯಾರಕರು ಸೂಚಿಸಿರುವ ಮಿತಿಯನ್ನು ದಾಟದೆ ಕೊಯ್ಯಬೇಕು, ಅದರ ಧೂಳು ಉಸಿರಿಗೆ ಹೋಗದಂತೆ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಬೇಕು. ಕೊಯ್ದ ಅಂಚನ್ನು ಅರದಿಂದ ಉಜ್ಜಿ ತುದಿಗೆ ಪ್ಲಗ್ ಹಾಕದೆ ಸೈಕಲ್ ಏರಬಾರದು. ಬಿದ್ದಾಗ ತೆರೆದ ಕೊಳವೆಯ ಬಾಯಿ ನೇರವಾಗಿ ಮಾಂಸಕ್ಕೇ ನಾಟುತ್ತದೆ.