ಮೇಣ ಕೆತ್ತಲು 25 ವ್ಯಾಟ್ ಸೋಲ್ಡರಿಂಗ್ ಐರನ್
ಹಂಪನಕಟ್ಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ತಂದ ಸಾದಾ ಐರನ್ ಇದು, ಉಂಗುರ ಎರಕ ಹೊಯ್ಯುವ ಮುನ್ನ ಮಾಡುವ ಮೇಣದ ಮಾದರಿ ತಿದ್ದಲು. ನೇರ ಪ್ಲಗ್‌ಗೆ ಹಾಕಿದರೆ ಏನೂ ಪ್ರಯೋಜನ ಇಲ್ಲ. ತುದಿ 300 ಡಿಗ್ರಿ ದಾಟುತ್ತದೆ, ಕೆತ್ತುವ ಗಟ್ಟಿ ಮೇಣ ಕರಗಲು 115ರ ಆಸುಪಾಸು ಸಾಕು, ಹಾಗಾಗಿ ಸುಮ್ನೆ ಹೊಗೆ ಎದ್ದು ಮೇಣ ಸುಡುತ್ತದೆ. ಪ್ಲಗ್‌ಗೂ ಐರನ್‌ಗೂ ಮಧ್ಯದಲ್ಲಿ, ಬಿಸಿ ತಗ್ಗಿಸಲು ಒಂದು ಲೈಟ್ ಡಿಮ್ಮರ್ ಹಾಕಿದೆ (ಪ್ಲಾಸ್ಟಿಕ್ ಡಬ್ಬಿಯೊಳಗೆ, ಬಿಡಿ ವೈರ್ ಬೇಡ), ಈಗ ಬೇರೆಯೇ ಕಥೆ! ಬಿಟ್ (ಐರನ್‌ನ ತುದಿ) ತೆಗೆದು, ಅದೇ ದಪ್ಪದ ತಾಮ್ರದ ತಂತಿಯನ್ನು ಅರದಲ್ಲಿ ಚೂಪಾಗಿ ಉಜ್ಜಿ, ಸ್ಕ್ರೂ ಬಿಗಿದರೆ ಹೂವಿನ ಎಸಳಿನ ಅಂಚೂ ಚೆನ್ನಾಗಿ ಬರುತ್ತದೆ. ವೈರ್ ಮಾತ್ರ ಬಿರುಸು, ಹಿಡಿ ಉದ್ದ, ಕೈ ಬೇಗ ನೋಯುತ್ತದೆ. ಡಿಮ್ಮರ್ ತಿರುಗಿಸಿದ ಮೇಲೆ ಬಿಸಿ ಇಳಿಯಲು ಕಾಯಬೇಕು. ಆದರೂ ಮೇಣದ ಕೆಲಸಕ್ಕೆಂದೇ ಮಾಡಿದ ಅಸಲಿ ವ್ಯಾಕ್ಸ್ ಪೆನ್‌ನ ಬೆಲೆ ನೋಡಿದವರಿಗೆ ಇದೇ ಧಾರಾಳ ಸಾಕು, ಅಲ್ವಾ? ನಮ್ಮ ಮಂಗಳೂರಿನ ಮಳೆಗೆ ಹೆದರಿ ಕಿಟಕಿ ಮುಚ್ಚಿ ಕೂರಬೇಡಿ, ಹೊಗೆ ಒಳಗೇ ನಿಲ್ಲುತ್ತದೆ.