ಬಂಗುಡೆಯೋ, ಬಾಸಾನೋ, ಜಿಲೇಬಿಯೋ? ನನ್ನ ಓಟು ಫಾರಂ ಮೀನಿಗೆ

ಉಡುಪಿ ಕಡೆಯವನು ಹೀಗೆ ಹೇಳಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಆದರೂ ಹೇಳಿಬಿಡುತ್ತೇನೆ: ಬೆಂಗಳೂರಿನಲ್ಲಿ ಇರುವಷ್ಟು ದಿನ ನನ್ನ ಮೀನು ಜಿಲೇಬಿಯೇ. ಅಂಗಡಿ ಬೋರ್ಡಿನಲ್ಲಿ ತಿಲಾಪಿಯಾ ಅಂತ ಬರೆದಿರುತ್ತಾರಲ್ಲ, ಅದು. ಕೊಳದಲ್ಲಿ ಸಾಕಿದ್ದು, ಅಂಗಡಿಯ ತೊಟ್ಟಿಯಲ್ಲಿ ಇನ್ನೂ ಈಜುತ್ತಿರುವುದು.

ನನ್ನನ್ನು ಈ ಕಡೆ ತಳ್ಳಿದ್ದು ಒಂದು ಜುಲೈ ತಿಂಗಳ ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಇಲ್ಲಿ ಸಿಗುವ ಬಂಗುಡೆ ಎಲ್ಲಿಯದು, ಐಸಿನಲ್ಲಿ ಎಷ್ಟು ದಿನ ಇತ್ತು, ಮಾರುವವರಿಗೂ ಗೊತ್ತಿರುವುದಿಲ್ಲ. ಆ್ಯಪ್‌ನಲ್ಲಿ ತರಿಸಿದ್ದೆ. ತಲೆ ತೆಗೆದು ಕ್ಲೀನ್ ಮಾಡಿ ಕಳಿಸಿದ್ದರು, ಹಾಗಾಗಿ ಕಣ್ಣು, ಕಿವಿರು ನೋಡಿ ಅಳೆಯುವ ದಾರಿಯೇ ಇಲ್ಲ. ಹೊಟ್ಟೆಯ ಹತ್ತಿರ ಮಾಂಸ ಮುಳ್ಳು ಬಿಟ್ಟು ಬಂದಿತ್ತು. ಪುಳಿಮುಂಚಿಗೆ ಹಾಕಿದರೆ ಮಸಾಲೆಯಲ್ಲೇ ಪುಡಿಯಾಯಿತು. ಬಂಗುಡೆ ಜಾತಿಯ ಮೀನು ಐಸಿಲ್ಲದೆ ಬಿಸಿಯಲ್ಲಿ ಬಿದ್ದಿದ್ದರೆ ಹಿಸ್ಟಮಿನ್ ಎಂಬ, ತಿಂದರೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಪೂರ್ತಿ ಪಾತ್ರೆ ಚೆಲ್ಲಿದೆ.

ಫ್ರೀಜರ್ ಪ್ಯಾಕೆಟಿನಲ್ಲಿ ಬರುವ ಬಾಸಾ? ಮುಳ್ಳಿಲ್ಲ, ಮಕ್ಕಳು ತಿನ್ನುತ್ತಾರೆ. ಅಷ್ಟೇ. ಬಾಣಲೆಗೆ ಹಾಕಿದ ಕೂಡಲೇ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ. ಪ್ಯಾಕೆಟ್ ತೂಕದಲ್ಲಿ ಐಸಿಗೂ ನಾವು ದುಡ್ಡು ಕೊಟ್ಟಿರುತ್ತೇವೆ.

ಕಾಟ್ಲಾ ತಲೆ ಸಾರಿಗೆ ಚೆನ್ನ. ಉಳಿದ ಭಾಗದ ಕವಲು ಮುಳ್ಳು ಆರಿಸುವ ತಾಳ್ಮೆ ನನಗಿಲ್ಲ.

ಇನ್ನು ಜಿಲೇಬಿಯ ದೊಡ್ಡ ಕಿರಿಕಿರಿ: ಮಣ್ಣು ವಾಸನೆ. ಹೆಚ್ಚಿನವರು ಒಂದು ಸಲ ತಂದು ಬಿಟ್ಟುಬಿಡುವುದು ಇದಕ್ಕೇ. ಕೊಳದ ಪಾಚಿ ಮತ್ತು ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತು ತಯಾರಿಸುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲೂ ಇರುವುದು ಅದೇ. ಅಂಗಳದಲ್ಲಿ ಹಿತ, ತಟ್ಟೆಯಲ್ಲಿ ಅಲ್ಲ. ಕಿವಿರಿನ ಮೂಲಕ ಮೀನಿನ ಮೈಗೆ ಹೋಗಿ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮೇಲಿನಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಜೀವಂತ ಮೀನನ್ನು ಮೇವು ಹಾಕದೆ ಕೆಲವು ದಿನ ಒಳ್ಳೆ ನೀರಿನಲ್ಲಿ ಬಿಟ್ಟರೆ ಬಹುಪಾಲು ಇಳಿಯುತ್ತದೆ. ಹಾಗಾಗಿ ನನ್ನ ವ್ಯಾಪಾರ ಉಲ್ಟಾ. ಅಂಗಡಿಯವರು "ಇವತ್ತಿನ ಲೋಡ್ ಸಾರ್, ಫ್ರೆಶ್ಶು" ಅನ್ನುತ್ತಾರೆ. "ನನಗೆ ಮೊನ್ನೇದು ಕೊಡಿ ಅಣ್ಣಾ" ಅನ್ನುತ್ತೇನೆ. ಮೊದಮೊದಲು ನಗುತ್ತಿದ್ದರು, ಈಗ ಅವರೇ ಹಳೆ ತೊಟ್ಟಿಗೆ ಬಲೆ ಹಾಕುತ್ತಾರೆ. ತೊಟ್ಟಿ ನೀರು ಹಸಿರಾಗಿದ್ದರೆ ಸುಮ್ನೆ ವಾಪಸ್ ಬನ್ನಿ.

ಉಳಿದದ್ದಕ್ಕೆ ಮನೆಯಲ್ಲಿ ಚರ್ಮ ಸುಲಿಯಬೇಕು. ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ತೆಗೆಯಬೇಕು. ಮಗ್ಗುಲಲ್ಲಿ ಓಡುವ ಕಡುಗೆಂಪು ಮಾಂಸದ ಪಟ್ಟಿ ಇರುತ್ತದಲ್ಲ, ಚಾಕುವಿನ ತುದಿಯಲ್ಲಿ ಅದನ್ನೂ ಎತ್ತಿಬಿಡಿ. ಆಮೇಲೆ ಹುಣಸೆ ನೀರಿನಲ್ಲಿ ಅರ್ಧ ಗಂಟೆ. ಹುಳಿ ಜಿಯೋಸ್ಮಿನ್ನನ್ನು ಒಡೆಯುತ್ತದೆ. ನಿಂಬೆಯೂ ಆಗುತ್ತದೆ, ಹುಣಸೆ ನಮ್ಮ ಸಾರಿಗೆ ಹೊಂದುತ್ತದೆ.

ವಾಸನೆಗಿಂತ ಕಷ್ಟ ಜನರ ಬಾಯಿ. "ಅದು ಜೀನ್ ಬದಲಾಯಿಸಿದ ಮೀನಂತೆ ಮಾರಾಯ" ಅಂತ ಭಾವ ಪ್ರತಿ ಸಲ ಶುರು ಮಾಡುತ್ತಾರೆ. ಅವರ ಅನುಮಾನಕ್ಕೆ ಕಾರಣ ಗಿಫ್ಟ್ ಎಂಬ ತಿಲಾಪಿಯಾ ತಳಿ, ಅದರ ಪೂರ್ತಿ ಇಂಗ್ಲಿಷ್ ಹೆಸರಿನಲ್ಲೇ 'ಜೆನೆಟಿಕಲಿ ಇಂಪ್ರೂವ್ಡ್' ಅಂತ ಇದೆ. ಇದರ ಕೆಲಸ 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾಯಿತು. ಬೇರೆ ಬೇರೆ ಕಡೆಯ ತಿಲಾಪಿಯಾ ತಂದು, ಚೆನ್ನಾಗಿ ಬೆಳೆದವನ್ನೇ ಆರಿಸಿ, ತಲೆಮಾರು ತಲೆಮಾರು ಕೂಡಿಸುತ್ತಾ ಬಂದರು. ಒಳ್ಳೆ ತೆನೆ ನೋಡಿ ಬಿತ್ತನೆಗೆ ಎತ್ತಿಡುವ ಹಾಗೆ. ಬೇರೆ ಜೀವಿಯ ಜೀನ್ ತುರುಕಿಲ್ಲ. ಭುವನೇಶ್ವರದ ಜಯಂತಿ ರೋಹು ಬಂದಿದ್ದೂ ಇದೇ ದಾರಿಯಲ್ಲಿ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ!

ನಿಜವಾಗಿ ಜೀನ್ ಸೇರಿಸಿದ್ದು ಅಮೆರಿಕದ ಅಕ್ವಾಬೌಂಟಿ ಕಂಪನಿಯ ಸಾಲ್ಮನ್. ಚಿನೂಕ್ ಸಾಲ್ಮನ್ನಿನ ಬೆಳವಣಿಗೆಯ ಜೀನ್, ಅದನ್ನು ವರ್ಷಪೂರ್ತಿ ಚಾಲೂ ಇಡಲು ಓಷನ್ ಪೌಟ್ ಎಂಬ ಇನ್ನೊಂದು ಮೀನಿನ ಡಿಎನ್‌ಎ ತುಣುಕು. 2015ರಲ್ಲಿ ಅಮೆರಿಕ ಒಪ್ಪಿತು, 2017ರಲ್ಲಿ ಕೆನಡಾದಲ್ಲಿ ಮಾರಾಟ ಆಯಿತು. ಆದರೆ ದೊಡ್ಡ ದೊಡ್ಡ ಅಂಗಡಿಗಳು ಇಡುವುದಿಲ್ಲ ಅಂದವು, 2024ರ ಕೊನೆಗೆ ಕಂಪನಿ ಸಾಕಣೆಯನ್ನೇ ನಿಲ್ಲಿಸಿತು. ಸರ್ಕಾರದ ಒಪ್ಪಿಗೆ ಇದ್ದರೂ ಊಟ ಮಾಡುವವರ ಒಪ್ಪಿಗೆ ಬೇರೆ, ಅಲ್ವಾ. ಭಾರತದಲ್ಲಿ ಅಂಥ ಮೀನಿನ ಮಾರಾಟಕ್ಕೆ ಅನುಮತಿಯೇ ಇಲ್ಲ.

ಭಾವನ ಮಾತಿನಲ್ಲಿ ನಾನು ಒಪ್ಪುವುದೂ ಇದೆ. ಕೊಳದಲ್ಲಿ ಮರಿ ತುಂಬಿಕೊಳ್ಳದಿರಲಿ ಅಂತ ಮರಿಗಳಿಗೆ ಮೊದಲ ಕೆಲವು ವಾರ ಹಾರ್ಮೋನ್ ಬೆರೆಸಿದ ಮೇವು ಕೊಟ್ಟು ಎಲ್ಲವನ್ನೂ ಗಂಡು ಮಾಡುತ್ತಾರೆ. ತಿಂಗಳುಗಟ್ಟಲೆ ಬೆಳೆದ ಮೇಲೆ ತಟ್ಟೆಗೆ ಬರುವ ಮೀನಿನ ಬಗ್ಗೆ ನನಗೆ ಹೆದರಿಕೆ ಇಲ್ಲ, ಆದರೆ ಕೇಳುವವರ ತಪ್ಪೂ ಅಲ್ಲ. 1952ರಲ್ಲಿ ಬಂದ ಹಳೆ ತಿಲಾಪಿಯಾ ನಮ್ಮ ಕೆರೆಗಳಲ್ಲೆಲ್ಲ ಹಬ್ಬಿದೆ. ಚರಂಡಿ ನೀರು ಸೇರುವ ಕೆರೆಯಲ್ಲಿ ಹಿಡಿದದ್ದನ್ನು ನಾನೂ ಮುಟ್ಟುವುದಿಲ್ಲ. ಫಾರಂ ಯಾವುದು ಅಂತ ಹೇಳದ ಅಂಗಡಿಗೂ ಹೋಗುವುದಿಲ್ಲ.

ಒಮೇಗಾ-3 ಲೆಕ್ಕದಲ್ಲಿ ಬಂಗುಡೆಯೇ ಮೇಲು. ದುಡ್ಡಿನ ಲೆಕ್ಕದಲ್ಲಿ, ಒಂದು ಕೆಜಿ ಅಂಜಲ್ ಕೊಳ್ಳುವ ದುಡ್ಡಿಗೆ ನಮ್ಮ ಏರಿಯಾದಲ್ಲಿ ನಾಲ್ಕು ಕೆಜಿ ಜಿಲೇಬಿ ಬರುತ್ತದೆ. ವಾರಕ್ಕೊಮ್ಮೆ ಮೀನು ಬೇಕೇಬೇಕು ಅನ್ನುವ ನಮ್ಮ ಮನೆಗೆ ಇದು ಸರಿ. ಬಂಗುಡೆಯನ್ನು ಊರಿಗೆ ಹೋದಾಗ ಮಲ್ಪೆಯಲ್ಲಿ ಕಿವಿರು ಎತ್ತಿ ನೋಡಿ ತರುತ್ತೇನೆ, ಅದೂ ಆಗಸ್ಟ್ ಆದಮೇಲೆ.